ಜೇನಿನ ಲೆಕ್ಕ: ನಮ್ಮ ಜಿಲ್ಲೆಯ ವ್ಯಾಪಾರ ಚರಿತ್ರೆ

1/6
ಗುಂಡ್ಲುಪೇಟೆ ಅಂದ್ರೆ ಚೆಂಡುಹೂವಿನ ರೀಲ್ಸ್, ಚಾಮರಾಜನಗರ ಅಂದ್ರೆ ಕರಿಕಲ್ಲು. ಇವತ್ತು ಎರಡನ್ನೂ ಬಿಟ್ಟು ಬಿಳಿಗಿರಿರಂಗನ ಬೆಟ್ಟ ಹತ್ತೋಣ. ಬಿ.ಕಾಂ. ಕ್ಲಾಸಲ್ಲಿ ‘ಸುಸ್ಥಿರ ವ್ಯಾಪಾರ’ ಅಂತ ಓದ್ತೀವಲ್ಲ, ಅದಕ್ಕೆ ಒಳ್ಳೇ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ: ಸೋಲಿಗರ ಜೇನು.

2/6
ಹೆಜ್ಜೇನು ಕಟ್ಟೋದು ಎತ್ತರದ ಮರದಲ್ಲಿ, ಬಂಡೆಯಲ್ಲಿ. ಸೋಲಿಗರು ಹೊಗೆ ಹಾಕಿ ಜೇನು ಕೀಳ್ತಾರೆ, ಆದರೆ ಹುಟ್ಟನ್ನ ಪೂರ್ತಿ ಬಳಿಯಲ್ಲ. ಹುಳಕ್ಕೆ ಅಂತ ಒಂದು ಪಾಲು ಬಿಡ್ತಾರೆ. ನಮ್ಮ ಕಾಮರ್ಸ್ ಭಾಷೇಲಿ ಹೇಳೋದಾದ್ರೆ, ಅಸಲು ಮುಟ್ಟದೆ ಬಡ್ಡಿ ಮಾತ್ರ ತಗೊಳ್ಳೋದು.

3/6
ಜೇನು, ನೆಲ್ಲಿಕಾಯಿ, ಅಂಟುವಾಳ, ಸೀಗೆಕಾಯಿ ಇವನ್ನೆಲ್ಲ ಕೊಳ್ಳೋಕೆ ಆದಿವಾಸಿಗಳ ಸಹಕಾರ ಸಂಘ ಬಂತು. ಅದೇ ಲ್ಯಾಂಪ್ಸ್ ಸೊಸೈಟಿ. 1981ರಲ್ಲಿ ಡಾ. ಎಚ್. ಸುದರ್ಶನ್ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ್ರು. 1990ರ ದಶಕದಲ್ಲಿ ಈ ಕೇಂದ್ರ ಮತ್ತು ಬೆಂಗಳೂರಿನ ಏಟ್ರೀ ಸಂಸ್ಥೆ ಸೇರಿ, ಬೆಟ್ಟದಲ್ಲೇ ಜೇನು ಶುದ್ಧ ಮಾಡಿ ಬಾಟಲಿಗೆ ತುಂಬೋ ಘಟಕ ನಡೆಸಿದ್ವು. ಕಾಡಲ್ಲಿ ಎಷ್ಟು ನೆಲ್ಲಿ ಬಿಟ್ಟಿದೆ, ಎಷ್ಟು ಕೀಳಬಹುದು ಅನ್ನೋ ಅಂದಾಜು ಹಾಕೋದ್ರಲ್ಲಿ ಸೋಲಿಗರೂ ಇದ್ರು.

4/6
ಆಮೇಲೆ ಪೆಟ್ಟು ಬಿತ್ತು, ಮಾರುಕಟ್ಟೆಯಿಂದಲ್ಲ, ಕಾನೂನಿಂದ. 1974ರಲ್ಲೇ ಈ ಕಾಡು ಅಭಯಾರಣ್ಯ ಆಗಿತ್ತು. ಸೋಲಿಗರು ಹಾಕ್ತಿದ್ದ ‘ತರಗು ಬೆಂಕಿ’ ನಿಂತಿತ್ತು. ಆ ಸಣ್ಣ ಬೆಂಕಿ ಇಲ್ಲದ್ದಕ್ಕೇ ಲಂಟಾನ ಹಬ್ಬಿತು, ನೆಲ್ಲಿಮರಕ್ಕೆ ‘ಉಪ್ಪಿಲು’ ಅನ್ನೋ ಬಂದಳಿಕೆ ಹತ್ತಿತು ಅಂತಾರೆ ಹಿರಿಯರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದ ಮೇಲೆ, ಮಾರಾಟಕ್ಕಾಗಿ ಕಾಡಿನ ಉತ್ಪನ್ನ ತರೋದೂ ನಿಂತುಹೋಯ್ತು. ಹುಳಕ್ಕೆ ಪಾಲು ಬಿಡ್ತಿದ್ದವರಿಗೇ ಪಾಲಿಲ್ಲ!

5/6
ಸೋಲಿಗರ ಸಂಘ ಸುಮ್ಮನೆ ಕೂರಲಿಲ್ಲ. ಅಷ್ಟರಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಬಂದಿತ್ತು. ಹಿರಿಯರು ದಾರಿ ತೋರಿಸ್ತಾ ನಡೆದ್ರು, ಜೊತೆಗಿದ್ದವರು ಜಿಪಿಎಸ್ ಹಿಡಿದು ಗುರುತು ಹಾಕಿಕೊಂಡ್ರು. ದೇವರ ತಾಣ, ಹಳೇ ಪೋಡು, ನೀರಿನ ಜಾಗ ಹೀಗೆ ನೂರಾರು ಜಾಗಗಳು ನಕ್ಷೆಗೆ ಬಂದ್ವು. ಬಾಯಲ್ಲಿದ್ದ ಕಾಡು ಕಾಗದಕ್ಕೆ ಇಳೀತು. 2011ರಲ್ಲಿ ಇದೇ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ತು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಇದೇ ಮೊದಲು ಅಂತ ಹೇಳ್ತಾರೆ. ಜೇನು ತರೋ, ಮಾರೋ ಹಕ್ಕು ವಾಪಸ್ ಬಂತು.

6/6
ಇದರಿಂದ ನನಗೆ ಅನ್ಸಿದ್ದು ಇಷ್ಟು. ಸೋಲಿಗರ ಹತ್ರ ನೀತಿ ಮೊದಲಿಂದಲೂ ಇತ್ತು. ಯಂತ್ರ, ಬಾಟಲಿ, ಸೊಸೈಟಿ ಎಲ್ಲ ಆಮೇಲೆ ಬಂದ್ವು. ಆದರೂ ಹಕ್ಕು ಹೋದ ತಕ್ಷಣ ವ್ಯಾಪಾರ ನಿಂತೋಯ್ತು. ಜಿಪಿಎಸ್ ಉಪಯೋಗಕ್ಕೆ ಬಂದಿದ್ದು ಅದು ಹೊಸದು ಅಂತಲ್ಲ, ಕಾಡು ಗೊತ್ತಿರೋರ ಪರವಾಗಿ ಅದು ಕೆಲಸ ಮಾಡ್ತು ಅಂತ. ಕಂಪನಿಗಳ ‘ಸುಸ್ಥಿರತೆ ವರದಿ’ ಓದುವಾಗ ಈ ಒಂದು ಪ್ರಶ್ನೆ ಕೇಳಿ: ಎಷ್ಟು ತಗೋಬೇಕು, ಎಷ್ಟು ಬಿಡಬೇಕು ಅಂತ ತೀರ್ಮಾನ ಮಾಡೋರು ಯಾರು?

ನಿಮ್ಮೂರಲ್ಲಿ ಇಂಥ ಸೊಸೈಟಿ ಇದ್ರೆ ಕಾಮೆಂಟ್ ಮಾಡಿ. ಮುಂದಿನ ಕಂತು: ಕೊಳ್ಳೇಗಾಲದ ರೇಷ್ಮೆ.

#ಚಾಮರಾಜನಗರ #ಗುಂಡ್ಲುಪೇಟೆ #ಬಿಳಿಗಿರಿರಂಗನಬೆಟ್ಟ #ಸೋಲಿಗರು