ಟ್ರೆಡ್‌ಮಿಲ್ ಪರೀಕ್ಷೆ: ಹೇಳುವುದೇನು, ಹೇಳದಿರುವುದೇನು?

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ನಿಧನರಾದ ಬಳಿಕ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗಾಗಿ ಬರುವವರ ಸಂಖ್ಯೆ ದಿಢೀರನೆ ಏರಿತ್ತು. ಹೃದಯ ತಪಾಸಣೆ ಎಂದೊಡನೆ ಹಲವರ ನೆನಪಿಗೆ ಬರುವುದು ಟ್ರೆಡ್‌ಮಿಲ್ ಪರೀಕ್ಷೆ, ಅಂದರೆ ಟಿಎಂಟಿ.

ಎದೆಗೆ ಇಸಿಜಿ ತಂತಿಗಳನ್ನು ಜೋಡಿಸಿ, ಚಲಿಸುವ ಪಟ್ಟಿಯ ಮೇಲೆ ನಡೆಸುವುದೇ ಈ ಪರೀಕ್ಷೆ. ಅಮೆರಿಕದ ವೈದ್ಯ ರಾಬರ್ಟ್ ಬ್ರೂಸ್ ರೂಪಿಸಿದ ಕ್ರಮದಲ್ಲಿ ನಡಿಗೆ ಗಂಟೆಗೆ 2.7 ಕಿ.ಮೀ. ವೇಗದಲ್ಲಿ ಆರಂಭವಾಗುತ್ತದೆ, ಪ್ರತಿ 3 ನಿಮಿಷಕ್ಕೊಮ್ಮೆ ವೇಗವೂ ಏರುವೂ ಹೆಚ್ಚುತ್ತವೆ. 220ರಿಂದ ವಯಸ್ಸನ್ನು ಕಳೆದು, ಉಳಿದುದರ ಶೇ 85ರಷ್ಟು ಹೃದಯಬಡಿತ ತಲುಪುವುದು ಸಾಮಾನ್ಯ ಗುರಿ. 50 ವರ್ಷದವರಿಗೆ ಅದು ನಿಮಿಷಕ್ಕೆ ಸುಮಾರು 145.

ರಕ್ತನಾಳ ಗಣನೀಯವಾಗಿ ಕಿರಿದಾಗಿದ್ದರೆ, ವಿಶ್ರಾಂತಿಯಲ್ಲಿ ಕಾಣದ ರಕ್ತದ ಕೊರತೆ ಶ್ರಮದ ವೇಳೆ ಇಸಿಜಿಯಲ್ಲಿ ಗೋಚರಿಸಬಹುದು. ಆದರೆ ಅಷ್ಟಾಗಿ ಕಿರಿದಾಗದ ನಾಳದಲ್ಲಿಯೂ ಕೊಬ್ಬಿನ ಪದರ ಹಠಾತ್ತನೆ ಬಿರಿದು, ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುವುದುಂಟು. ಆದ್ದರಿಂದ ‘ನೆಗೆಟಿವ್’ ವರದಿ ಅಭಯಪತ್ರವಲ್ಲ. ರೋಗಲಕ್ಷಣವಿಲ್ಲದವರಲ್ಲಿ ತಪ್ಪಾಗಿ ‘ಪಾಸಿಟಿವ್’ ಬಂದು ವೃಥಾ ಗಾಬರಿ ಹುಟ್ಟಿಸುವುದೂ ಇದೆ.

ವಿಶ್ರಾಂತಿಯಲ್ಲಿದ್ದಾಗಲೂ ಎದೆನೋವು ಕಾಡುತ್ತಿದ್ದರೆ ಟಿಎಂಟಿ ಅಪಾಯಕಾರಿ. ಅಥಣಿ ತಾಲ್ಲೂಕಿನ ತೆಲಸಂಗದಂತಹ ಊರಿನಲ್ಲಿರುವ ಹಿರಿಯರಿಗೆ ಅಂತಹ ನೋವು ಬಂದರೆ, ಪರೀಕ್ಷೆಗೆಂದು ಬೆಳಗಾವಿಗೋ ಮೀರಜ್‌ಗೋ ಹೋಗುವ ದಿನ ಗೊತ್ತುಪಡಿಸುತ್ತ ಕೂರದೆ, ತಕ್ಷಣ 108 ಆಂಬುಲೆನ್ಸ್ ಕರೆಸಿ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಬೇಕು.