ಪಂಜರದೊಳಗೆ ಮನುಷ್ಯ, ಹೊರಗೆ ಶಾರ್ಕ್

ಪಿಲಿಕುಳಕ್ಕೆ ಶಾಲಾ ಪ್ರವಾಸ ಹೋದವರೆಲ್ಲ ಹುಲಿಯನ್ನು ಬೇಲಿಯ ಈಚೆಯಿಂದ ನೋಡಿದ್ದೇವೆ. ಪ್ರಾಣಿ ಒಳಗೆ, ನಾವು ಹೊರಗೆ. ಆದರೆ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ ಮುಂತಾದ ದೇಶಗಳ ಕಡಲಿನಲ್ಲಿ ಇದು ತಿರುವುಮುರುವಾಗಿದೆ. ಅಲ್ಲಿ ದೋಣಿಯ ಪಕ್ಕ ಲೋಹದ ಪಂಜರವನ್ನು ನೀರಿಗಿಳಿಸಿ ಪ್ರವಾಸಿಗರನ್ನು ಅದರೊಳಗೆ ನಿಲ್ಲಿಸುತ್ತಾರೆ. ಹೊರಗೆ ಗ್ರೇಟ್ ವೈಟ್ ಶಾರ್ಕ್ ಎಂಬ ಬಿಳಿ ಶಾರ್ಕ್ ಸ್ವತಂತ್ರವಾಗಿ ಸುತ್ತುತ್ತದೆ. ತರಗತಿಯಲ್ಲಿ ಈ ವಿಷಯ ಹೇಳಿದಾಗ ಹುಡುಗನೊಬ್ಬ, "ಸಾರ್, ದುಡ್ಡು ಕೊಟ್ಟು ಯಾರಾದ್ರೂ ಅಲ್ಲಿಗೆ ಹೋಗ್ತಾರಾ?" ಎಂದು ಕೇಳಿದ. ಹೋಗುತ್ತಾರೆ. ಈ ಪದ್ಧತಿ ಹೇಗೆ ಹುಟ್ಟಿತು ಎಂಬ ಇತಿಹಾಸ ನಾವು ತಿಳಿಯತಕ್ಕದ್ದಾಗಿದೆ.

ಶಾರ್ಕ್ ನಮಗೆ ಅಪರಿಚಿತವೇನಲ್ಲ. ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ಸಿಗುವ ತಾಟೆ ಶಾರ್ಕ್ ಜಾತಿಯದೇ. ಉರ್ದು ಕಾವ್ಯದಲ್ಲಿ 'ನಹಂಗ್' ಎಂಬ ಪದವಿದೆ. ಫಾರ್ಸಿಯಿಂದ ಬಂದ ಈ ಪದಕ್ಕೆ ಮೊಸಳೆ ಎಂಬ ಅರ್ಥವೂ ಇದೆ, ಕಡಲಿನ ಭಯಾನಕ ಜೀವಿ ಎಂಬ ಅರ್ಥವೂ ಇದೆ. ಇಂದಿನ ಇರಾನಿನಲ್ಲಿ ಅದೇ ಪದಕ್ಕೆ ತಿಮಿಂಗಿಲ ಎಂದರ್ಥ. ದೂರದಿಂದ ಹೆದರುವವನಿಗೆ ಎಲ್ಲಕ್ಕೂ ಒಂದೇ ಹೆಸರು ಸಾಕು. ಹತ್ತಿರದಿಂದ ನೋಡುವ ಮೀನುಗಾರನಿಗೆ ಸಾಲದು.

ಬಿಳಿ ಶಾರ್ಕನ್ನು ಅತಿ ಹತ್ತಿರದಿಂದ ಕಂಡವರಲ್ಲಿ ಆಸ್ಟ್ರೇಲಿಯಾದ ರಾಡ್ನಿ ಫಾಕ್ಸ್ ಒಬ್ಬರು. 1963ರ ಡಿಸೆಂಬರ್‌ನಲ್ಲಿ ಅಡಿಲೇಡ್ ಸಮೀಪದ ಆಲ್ಡಿಂಗಾ ತೀರದಲ್ಲಿ, ನೀರಿನೊಳಗೆ ಈಟಿಯಿಂದ ಮೀನು ಹಿಡಿಯುವ ಸ್ಪರ್ಧೆಯ ವೇಳೆ ಶಾರ್ಕ್ ಅವರನ್ನು ಕಚ್ಚಿತು. ಪಕ್ಕೆಲುಬುಗಳು ಮುರಿದವು, ಶ್ವಾಸಕೋಶಕ್ಕೂ ಪೆಟ್ಟಾಯಿತು. ನಾನೂರಕ್ಕೂ ಹೆಚ್ಚು ಹೊಲಿಗೆ ಹಾಕಬೇಕಾಯಿತು. ಬದುಕುಳಿದದ್ದೇ ಆಶ್ಚರ್ಯ. ಇಂಥವರು ಮತ್ತೆ ಕಡಲಿನ ಮುಖ ನೋಡಬಾರದು ಎಂದು ನಾವು ಹೇಳುತ್ತೇವೆ. ಆದರೆ ಅವರಿಗೆ ತನ್ನನ್ನು ಕಚ್ಚಿದ ಪ್ರಾಣಿಯನ್ನು ಅರಿಯುವ ಹಂಬಲ ಹುಟ್ಟಿತು. ಮೃಗಾಲಯದಲ್ಲಿ ಕಂಬಿಗಳ ಹಿಂದಿದ್ದ ಸಿಂಹವನ್ನು ನೋಡಿದಾಗ ಅವರಿಗೆ ಒಂದು ಉಪಾಯ ಹೊಳೆಯಿತು. ಮನುಷ್ಯನೇ ಕಂಬಿಗಳೊಳಗೆ ನಿಂತರೆ ಹೇಗೆ? 1965ರಲ್ಲಿ ಅವರು ಸಂಗಡಿಗರೊಂದಿಗೆ ಪಂಜರ ಇಳಿಸಿ ಬಿಳಿ ಶಾರ್ಕಿನ ಚಿತ್ರೀಕರಣಕ್ಕೆ ಹೊರಟರು. ಅದಕ್ಕೂ ಮುಂಚೆ ಫ್ರಾನ್ಸಿನ ಜಾಕ್ ಕುಸ್ತೋ ಅವರ ತಂಡ ಶಾರ್ಕ್ ಪಂಜರವನ್ನು ಬಳಸಿತ್ತು. ಆದರೆ ಬಿಳಿ ಶಾರ್ಕನ್ನು ನೋಡುವ ಪ್ರವಾಸಗಳು ಬೆಳೆದುಬಂದದ್ದು ಫಾಕ್ಸ್ ಅವರ ಈ ಪ್ರಯತ್ನದಿಂದಲೇ.

1975ರಲ್ಲಿ 'ಜಾಸ್' ಚಲನಚಿತ್ರ ಬಂದಿತು. ಜೀವಂತ ಶಾರ್ಕುಗಳ ಚಿತ್ರೀಕರಣಕ್ಕೆ ಫಾಕ್ಸ್ ಕೂಡ ನೆರವಾಗಿದ್ದರು. ಚಿತ್ರ ಜಗತ್ತನ್ನೇ ಹೆದರಿಸಿತು. ಶಾರ್ಕನ್ನು ಕೊಲ್ಲುವುದು ಶೌರ್ಯವೆಂಬ ಭಾವನೆ ಹರಡಿತು. ಇದರಿಂದ ನೊಂದ ಮೂಲ ಕಾದಂಬರಿಕಾರ ಪೀಟರ್ ಬೆಂಚ್ಲಿ ಮುಂದೆ ಶಾರ್ಕ್ ಸಂರಕ್ಷಣೆಗಾಗಿ ದುಡಿದರು.

1991ರಲ್ಲಿ ದಕ್ಷಿಣ ಆಫ್ರಿಕಾ ಬಿಳಿ ಶಾರ್ಕಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಹೀಗೆ ಮಾಡಿದ ಮೊದಲ ದೇಶ ಅದು. ಬಳಿಕ ಅಲ್ಲಿನ ಗಾನ್ಸ್‌ಬಾಯ್ ಎಂಬ ಮೀನುಗಾರರ ಊರು ಪಂಜರ ಪ್ರವಾಸಕ್ಕೆ ಹೆಸರಾಯಿತು. ಮೀನಿನ ವಾಸನೆ ತೋರಿಸಿ ಶಾರ್ಕನ್ನು ಕರೆಯುವುದು ಸರಿಯೇ ಎಂಬ ವಾದವೂ ಇದೆ. ಮೆಕ್ಸಿಕೋ ದೇಶವು 2023ರಲ್ಲಿ ಗ್ವಾಡಲುಪೆ ದ್ವೀಪದಲ್ಲಿ ಇಂಥ ಪ್ರವಾಸವನ್ನು ನಿಷೇಧಿಸಿತು. ಇನ್ನು ಗಾನ್ಸ್‌ಬಾಯ್ ಬಳಿ 2017ರಲ್ಲಿ ಓರ್ಕಾ ತಿಮಿಂಗಿಲಗಳು ಬಿಳಿ ಶಾರ್ಕುಗಳನ್ನು ಕೊಂದು ಯಕೃತ್ತನ್ನು ತಿಂದವು. ನಂತರದ ವರ್ಷಗಳಲ್ಲಿ ಅಲ್ಲಿ ಬಿಳಿ ಶಾರ್ಕ್ ಕಾಣಿಸುವುದೇ ಅಪರೂಪವಾಯಿತು. ಜಗತ್ತೇ ಹೆದರಿದ ಪ್ರಾಣಿಗೂ ಹೆದರಿಕೆ ಇದೆ!

ಈಗ ನಮ್ಮ ಅರಬ್ಬಿ ಸಮುದ್ರಕ್ಕೆ ಬರೋಣ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡುವವರಿದ್ದಾರೆ. ಅಲ್ಲಿ ಪಂಜರವಿಲ್ಲ. ಹವಳ, ಬಣ್ಣದ ಮೀನುಗಳ ನಡುವೆ ತರಬೇತುದಾರರ ಜೊತೆ ಈಜುತ್ತಾರೆ. ಇದೇ ಸಮುದ್ರದಲ್ಲಿ ಜಗತ್ತಿನ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕ್ ಕೂಡ ಇದೆ. ಹನ್ನೆರಡು ಮೀಟರಿಗೂ ಮೀರಿ ಬೆಳೆಯುವ ಇದರ ಆಹಾರ ಸೂಕ್ಷ್ಮಜೀವಿಗಳು, ಸಣ್ಣ ಮೀನುಗಳು. ಮನುಷ್ಯನಿಗೆ ಇದರಿಂದ ಅಪಾಯವಿಲ್ಲ, ಅಪಾಯ ಇದಕ್ಕೇ. ಗುಜರಾತಿನಲ್ಲಿ ಮಾಂಸಕ್ಕಾಗಿ, ದೋಣಿಗೆ ಬಳಿಯುವ ಎಣ್ಣೆಗಾಗಿ ಇದನ್ನು ಕೊಲ್ಲುತ್ತಿದ್ದರು. 2001ರಲ್ಲಿ ಕೇಂದ್ರ ಸರಕಾರವು ವನ್ಯಜೀವಿ ಕಾಯಿದೆಯಡಿ ಇದಕ್ಕೆ ರಕ್ಷಣೆ ನೀಡಿತು. ಬಳಿಕ ಅಲ್ಲಿನ ಮೀನುಗಾರರು ತಮ್ಮ ಬಲೆಯನ್ನೇ ಕತ್ತರಿಸಿ ನೂರಾರು ಶಾರ್ಕುಗಳನ್ನು ಕಡಲಿಗೆ ಬಿಟ್ಟರು. ಬಲೆಗೆ ಸರಕಾರ ಪರಿಹಾರ ಕೊಟ್ಟಿತು, ನಿಜ. ಆದರೂ ಬಲೆಯೇ ಮೀನುಗಾರನ ಅನ್ನ. ಅದಕ್ಕೆ ಕತ್ತಿ ಹಾಕಲು ದೊಡ್ಡ ಮನಸ್ಸು ಬೇಕು. 2015ರಲ್ಲಿ ಭಾರತವು ಶಾರ್ಕ್ ರೆಕ್ಕೆಗಳ ರಫ್ತನ್ನೂ ನಿಷೇಧಿಸಿತು.

ವಿದ್ಯಾರ್ಥಿ ಮಿತ್ರರೇ, ಪಂಜರದಲ್ಲಿ ಇಳಿಯುವ ಅವಕಾಶ ನಮ್ಮಲ್ಲಿ ಹೆಚ್ಚಿನವರಿಗೆ ಸಿಗಲಾರದು. ಸಿಗದಿದ್ದರೆ ನಷ್ಟವೂ ಇಲ್ಲ. ಆದರೆ ಫಾಕ್ಸ್ ಅವರ ಜೀವನದಿಂದ ಕಲಿಯಲು ಸಾಧ್ಯವಿದೆ. ಗಣಿತವಿರಲಿ, ಇಂಗ್ಲಿಷ್ ಇರಲಿ, ಪರಿಚಯವಿಲ್ಲದ ನೆರೆಯವರಿರಲಿ, ನಮ್ಮನ್ನು ಹೆದರಿಸುವುದರಿಂದ ನಾವು ಓಡುತ್ತೇವೆ, ಇಲ್ಲವೇ ಅದನ್ನು ದ್ವೇಷಿಸುತ್ತೇವೆ. ಮೂರನೆಯ ದಾರಿಯೊಂದಿದೆ. ತಕ್ಕ ಎಚ್ಚರಿಕೆ ವಹಿಸಿ, ಹತ್ತಿರ ಹೋಗಿ, ಕಣ್ಣು ತೆರೆದು ನೋಡುವುದು. ವಿದ್ಯೆ ಎಂದರೆ ಅದೇ.