ಫ್ಲೀಟ್
ಫ್ಲೀಟ್ ಎಂಬುದು ಇಂಗ್ಲೆಂಡಿನ ಪ್ರಾಚೀನ ಕುಲನಾಮಗಳಲ್ಲೊಂದು. ತೊರೆಯ ದಡದಲ್ಲಿಯೋ ಕಡಲ ಹಿನ್ನೀರಿನ ಬಳಿಯಲ್ಲಿಯೋ ನೆಲಸಿದ ಮನೆತನಗಳಿಗೆ ನೆಲೆಯಿಂದಲೇ ಪ್ರಾಪ್ತವಾದ ಹೆಸರಿದು. ಮನಗೂಳಿ, ಗಲಗಲಿ ಎಂಬ ಊರುಗಳೇ ಅಡ್ಡಹೆಸರುಗಳಾಗಿ ನಿಂತಿರುವ ವಿಜಾಪುರ ಸೀಮೆಯವರಿಗೆ ಈ ಪದ್ಧತಿ ಹೊಸದೇನಲ್ಲ. 1692ರಲ್ಲಿ ಲಂಡನ್ನಿನ ಮೇಯರರಾಗಿ ಅನಂತರ ಈಸ್ಟ್ ಇಂಡಿಯಾ ಕಂಪನಿಯ ಗವರ್ನರರೂ ಆದ ಸರ್ ಜಾನ್ ಫ್ಲೀಟ್, 1912ರಲ್ಲಿ ಟೈಟಾನಿಕ್ ಹಡಗಿನ ಕಾವಲುಗಾರನಾಗಿದ್ದು ಹಿಮದ ಗುಡ್ಡವನ್ನು ಮೊದಲು ಕಂಡು ಗಂಟೆ ಬಾರಿಸಿದ ಫ್ರೆಡರಿಕ್ ಫ್ಲೀಟ್ (1887–1965) ಮುಂತಾದವರು ಈ ಹೆಸರಿನವರು. ಆದರೆ ಕನ್ನಡಿಗರ ಪಾಲಿಗೆ ಫ್ಲೀಟರೆಂದರೆ ಜಾನ್ ಫೇತ್‌ಫುಲ್ ಫ್ಲೀಟರೇ (1847–1917).

1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಸೇರಿದ ಈ ಅಧಿಕಾರಿಗಳು, ಆಡಳಿತದ ಕಾರ್ಯಭಾರದ ನಡುವೆಯೇ ಕನ್ನಡ ಜಿಲ್ಲೆಗಳ ಶಿಲಾಶಾಸನ ತಾಮ್ರಪಟಗಳನ್ನು ಓದಿ, ಇಮ್ಮಡಿ ಪುಲಕೇಶಿಯ ಐಹೊಳೆ ಶಾಸನವನ್ನು ಪ್ರಕಟಿಸಿ, ಅಲ್ಲಿಯವರೆಗೆ ಐತಿಹ್ಯಗಳಲ್ಲಿ ಕಲಸಿಹೋಗಿದ್ದ ಚಾಲುಕ್ಯ ರಾಷ್ಟ್ರಕೂಟಾದಿ ವಂಶಗಳಿಗೆ 1882ರ ತಮ್ಮ ಗ್ರಂಥದಲ್ಲಿ ಕಾಲಾನುಕ್ರಮದ ಚೌಕಟ್ಟನ್ನೊದಗಿಸಿದರು. 1883ರಲ್ಲಿ ಭಾರತ ಸರಕಾರದ ಶಾಸನತಜ್ಞರಾಗಿ ನಿಯುಕ್ತರಾದರು. ಅವರು ಸಂಪಾದಿಸಿದ ಗುಪ್ತರ ಶಾಸನಗಳ ಸಂಪುಟವು 1888ರಲ್ಲಿ ಹೊರಬಿದ್ದಿತು.

ಬಸವನ ಬಾಗೇವಾಡಿಗೆ ಸಮೀಪದ ಮನಗೂಳಿಯ ಶಾಸನಗಳನ್ನು ಅವರು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಸಂಪಾದಿಸಿದರು. ಅವುಗಳಲ್ಲಿ, ಅರಸ ಬಿಜ್ಜಳನ ಕಾಲದ, 1161ರ ಶಾಸನವೊಂದರಲ್ಲಿ ಬಸವನೆಂಬೊಬ್ಬನ ಹೆಸರು ಬರುತ್ತದೆ. ಆದರೆ ಈತನ ತಂದೆ ಚಂದಿರಾಜ. ಪುರಾಣಪ್ರಸಿದ್ಧ ಬಸವಣ್ಣನವರ ತಂದೆಯಾದರೋ ಮಾದರಸ. ಇವರಿಬ್ಬರೂ ಒಬ್ಬರೇ ಎಂಬ ಜಿಜ್ಞಾಸೆಗೆ ಇದರಿಂದ ಎಡೆಯಾಯಿತು. ಪುರಾಣಕ್ಕಿಂತ ಕಲ್ಲಿನ ಸಾಕ್ಷ್ಯವೇ ಮೇಲೆಂಬುದು ಫ್ಲೀಟರ ನಿಲವು. ಆ ಕಾಠಿಣ್ಯವು ಗಂಗರ ತಾಮ್ರಪಟಗಳಲ್ಲಿ ಬಹುಪಾಲನ್ನು ಕೂಟಶಾಸನಗಳೆಂದು ತಳ್ಳಿಹಾಕುವವರೆಗೂ ಹೋಗಿ, ಮೈಸೂರಿನ ಶಾಸನತಜ್ಞ ಬಿ. ಎಲ್. ರೈಸರೊಡನೆ ದೀರ್ಘವಾದ ವಾಗ್ವಾದಕ್ಕೆ ಕಾರಣವಾಯಿತು.

ಶಾಸನಗಳಿಗಿಂತಲೂ ಸೋಜಿಗದ ಕಾರ್ಯವೊಂದುಂಟು. ತಾವೂ ಸಂಪಾದಕರಲ್ಲೊಬ್ಬರಾಗಿದ್ದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ 1885ರಿಂದ ಅವರು ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚುಮಾಡಿಸಿದರು. ಅವುಗಳಲ್ಲಿ ಕೆಲವು ಹಾಡುಗಳ ನಾಯಕರು ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು, ಎಂದರೆ ಫ್ಲೀಟರ ಸಂಬಳ ಸಲ್ಲುತ್ತಿದ್ದ ಪ್ರಭುತ್ವವೇ ದಂಗೆಕೋರರೆಂದು ಗಲ್ಲಿಗೇರಿಸಿದ್ದವರು. ಬೀದಿಯಲ್ಲಿ ದಪ್ಪಿನ ತಾಳಕ್ಕೆ ಹಾಡುತ್ತಿದ್ದುದನ್ನು ಶಾಸನಪಾಠದಷ್ಟೇ ಎಚ್ಚರದಿಂದ ಬರೆದಿಟ್ಟುದು ಆ ಕಾಲದ ಪಂಡಿತರಲ್ಲಿ ಅಪೂರ್ವವೇ ಸರಿ. ಆಗ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಜನಪದ ಗೀತೆಗಳ ಸಂಕಲನವನ್ನು ಬೆಳಕಿಗೆ ತಂದುದು 1931ರಲ್ಲಿ, ಫ್ಲೀಟರ ಲಾವಣಿಗಳು ಅಚ್ಚಾಗತೊಡಗಿ ನಾಲ್ಕು ದಶಕಗಳು ಸಂದ ಮೇಲೆ.